ಕಣದಲ್ಲಿ ನಿಂತ ಕ್ಯಾರವಾನ್ ಸುಟ್ಟಿದ್ದು ಸಿಡಿಲಿಗೋ, ನ್ಯೂಟ್ರಲ್‌ಗೋ?

ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದ ಮರುದಿನ ಬೆಳಿಗ್ಗೆ ಏಳಕ್ಕೇ ಸುಂಟಿಕೊಪ್ಪದ ಆಚೆಯ ತೋಟವೊಂದರಿಂದ ಫೋನು ಬಂತು. ಮಾತಾಡಿದ್ದು ಹೋಂಸ್ಟೇ ನಡೆಸುವ ಅಕ್ಕ. ‘ಕಾಫಿ ಕಣದಲ್ಲಿ ಬೆಂಗಳೂರಿನವರ ಕ್ಯಾರವಾನ್ ನಿಂತಿದೆ. ರಾತ್ರಿ ಸಿಡಿಲು ಬಡಿದು ಒಳಗಿದ್ದದ್ದೆಲ್ಲ ಹೋಗಿದೆ. ಒಮ್ಮೆ ಬಂದು ನೋಡ್ತೀರಾ?’ ನಾನು ಕುಶಾಲನಗರದ ಕಡೆ ವೈರಿಂಗ್ ಕೆಲಸ ಮಾಡುವವನು. ಹೋಂಸ್ಟೇಗಳ ಬೋರ್ಡು, ಪಂಪ್‌ಸೆಟ್ಟು, ಪಲ್ಪರ್ ಮೋಟರು ನನ್ನ ದಿನನಿತ್ಯದ ಪಾಡು. ಈಗ ಕೆಲವು ವರ್ಷಗಳಿಂದ ಈ ಮನೆಗಾಡಿಗಳೂ ಸೇರಿಕೊಂಡಿವೆ.

ಹೋದಾಗ ತೋಟವೆಲ್ಲ ನೆಂದ ಮಣ್ಣಿನ ಘಮ. ಗಾಡಿಯ ಬಾಗಿಲು ತೆಗೆದರೆ ಸುಟ್ಟ ಬೇಕಲೈಟಿನ ನಾತ. ಎಸಿ ಸತ್ತಿದೆ, ಫ್ರಿಜ್ ಸತ್ತಿದೆ, ಬ್ಯಾಟರಿ ಚಾರ್ಜರ್ ಸತ್ತಿದೆ. ವಿಚಿತ್ರವೆಂದರೆ ಇವಕ್ಕೆಲ್ಲ ಕರೆಂಟು ಕೊಡುತ್ತಿದ್ದ ಸ್ಪೈಕ್ ಗಾರ್ಡಿನ ಕೆಂಪು ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ಗಾಡಿಯ ಯಜಮಾನರು ಆಗಲೇ ಫೋನಿನಲ್ಲಿ ಒಂದು ಡಬ್ಬಿಯ ಚಿತ್ರ ತೆಗೆದು ಕೂತಿದ್ದರು. ‘ಅಮೆರಿಕದಲ್ಲಿ ಮೋಟರ್‌ಹೋಮ್ ಇಟ್ಟುಕೊಂಡವರೆಲ್ಲ ಇದನ್ನೇ ಹಾಕ್ತಾರಂತೆ. ಸರ್ಜ್ ಪ್ರೊಟೆಕ್ಟರ್. 50 ಆಂಪಿಯರ್‌ದು. ತರಿಸಿಬಿಡ್ಲಾ?’

‘ಸ್ವಲ್ಪ ತಡೀರಿ ಸಾರ್,’ ಎಂದೆ. ‘ಸುಟ್ಟಿದ್ದು ಯಾತಕ್ಕೆ ಅಂತ ಮೊದಲು ನೋಡೋಣ.’

ಕೊಡಗಿನಲ್ಲಿ ಮಾರ್ಚ್‌ನಿಂದ ಮೇವರೆಗೆ ಏನು ಸುಟ್ಟರೂ ಸಿಡಿಲಿನ ತಲೆಗೆ ಕಟ್ಟುವುದು ರೂಢಿ. ಸಿಡಿಲು ಇಲ್ಲಿ ಕಡಿಮೆ ಏನಲ್ಲ. ಆದರೆ ನಾನು ಬಿಚ್ಚಿ ನೋಡಿದ ಗಾಡಿಗಳಲ್ಲಿ ಹೆಚ್ಚಿನವನ್ನು ಕೊಂದದ್ದು ಸಿಡಿಲಲ್ಲ, ಕಡಿದ ಅಥವಾ ಸಡಿಲವಾದ ನ್ಯೂಟ್ರಲ್, ಅಂದರೆ ಕರೆಂಟು ವಾಪಸು ಹೋಗುವ ತಂತಿ. ಎರಡಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ದುಡ್ಡೂ ಹೋಗುತ್ತದೆ, ಗಾಡಿಯೂ ಮತ್ತೆ ಸುಡುತ್ತದೆ.

ಮೊದಲು ಸತ್ತವುಗಳನ್ನು ಬಿಚ್ಚಿ ನೋಡಿ

ಸಿಡಿಲಿನಿಂದ ಲೈನಿನಲ್ಲಿ ಏಳುವ ಸರ್ಜ್ ಇರುವುದು ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕ. ಅಷ್ಟರಲ್ಲೇ ಸಾವಿರಾರು ವೋಲ್ಟ್ ಬಂದು ಹೋಗಿರುತ್ತದೆ. ಅದು ಬಡಿದ ಬೋರ್ಡಿನಲ್ಲಿ ತಾಮ್ರದ ಗೆರೆ ಹಾರಿಹೋಗಿರುತ್ತದೆ, ಐಸಿಯ ನೆತ್ತಿಯಲ್ಲಿ ಸಣ್ಣ ಕುಳಿ ಬಿದ್ದಿರುತ್ತದೆ. ಹೊರಗಿನಿಂದ ತಂತಿ ಬಂದು ಸೇರುವ ಸಾಮಾನು ಮೊದಲು ಹೋಗುತ್ತದೆ: ಡಿಶ್ ಟಿವಿ ಬಾಕ್ಸ್, ಇಂಟರ್‌ನೆಟ್ ಮೋಡೆಮ್, ಸಿಸಿಟಿವಿ.

ಹೈ ವೋಲ್ಟೇಜ್ ನಿಧಾನವಾಗಿ ಕೊಲ್ಲುತ್ತದೆ. ಚಾರ್ಜರ್ ಬಿಚ್ಚಿದಾಗ ಒಳಗಿನ ದೊಡ್ಡ ಕೆಪಾಸಿಟರ್ ತಲೆಯೊಡೆದು ಬಾಯಿಬಿಟ್ಟಿತ್ತು, ಸುತ್ತ ಜಿಡ್ಡು ಜಿಡ್ಡು. ಅದರ ಮೇಲೆ ಬರೆದಿದ್ದದ್ದು 450 ವೋಲ್ಟ್. ನಮ್ಮ 230 ವೋಲ್ಟ್ ಎಸಿ ಕರೆಂಟು ಚಾರ್ಜರ್ ಒಳಗೆ ಡಿಸಿ ಆದಾಗ ಸುಮಾರು 325 ಆಗುತ್ತದೆ, 450ರ ಕೆಪಾಸಿಟರ್‌ಗೆ ಅದು ಆರಾಮ. 360 ವೋಲ್ಟ್ ಬಂದರೆ ಡಿಸಿ 500 ದಾಟುತ್ತದೆ. ಆಗ ಅದು ಬಿಸಿಯಾಗಿ, ಊದಿ, ಕೊನೆಗೆ ಸಿಡಿಯುತ್ತದೆ. ಎಸಿಯ ಬೋರ್ಡಿನಲ್ಲಿ ಬಟನ್ ಗಾತ್ರದ ನೀಲಿ ಬಿಲ್ಲೆಯೊಂದು ಎರಡು ಹೋಳಾಗಿ ಕಪ್ಪಾಗಿತ್ತು, ಪಕ್ಕದ ಗಾಜಿನ ಫ್ಯೂಸ್ ಒಳಗೆ ಮಸಿ ಮೆತ್ತಿತ್ತು. ಆ ಬಿಲ್ಲೆಯೇ ವೇರಿಸ್ಟರ್. ಅದರ ವಿಷಯಕ್ಕೆ ಮತ್ತೆ ಬರುತ್ತೇನೆ.

ಗಾಡಿ ಬಿಟ್ಟು ಮನೆಯ ಕಡೆ ನೋಡಿದೆ. ಡಿಶ್ ಬಾಕ್ಸ್ ಚೆನ್ನಾಗಿದೆ, ಮೋಡೆಮ್ ಚೆನ್ನಾಗಿದೆ. ಒಂದು ಸಾಲಿನ ಕೋಣೆಗಳಲ್ಲಿ ಮಾತ್ರ ಎಲ್‌ಇಡಿ ಬಲ್ಬುಗಳು ಸತ್ತಿವೆ. ಅಷ್ಟರಲ್ಲಿ ಅಕ್ಕ ಬೇರೇನೋ ಹೇಳುವಂತೆ ಹೇಳಿದರು: ‘ರಾತ್ರಿ ಮೇಲಿನ ರೂಮಿನವರು ಒಂದೇ ಸಮ ಬೈದರು. ಒಂದು ಗಂಟೆ ಗೀಸರ್ ಹಾಕಿದ್ರೂ ನೀರು ಉಗುರು ಬೆಚ್ಚಗೂ ಆಗ್ಲಿಲ್ವಂತೆ.’

ರೋಗ ಸಿಕ್ಕಿದ್ದು ಅಲ್ಲಿ. ಸಿಡಿಲು ಬಡಿದು ಗೀಸರ್ ತಣ್ಣಗಾಗುವುದಿಲ್ಲ. ಒಂದು ಕಡೆ ಬಲ್ಬು ಸುಡುವಷ್ಟು ಹೆಚ್ಚು, ಇನ್ನೊಂದು ಕಡೆ ನೀರು ಕಾಯದಷ್ಟು ಕಡಿಮೆ ವೋಲ್ಟೇಜ್ ಒಂದೇ ಹೊತ್ತಿಗೆ ಬಂದಿದೆ ಅಂದರೆ ಮೂರು ಫೇಸ್ ಕನೆಕ್ಷನ್ನಿನ ನ್ಯೂಟ್ರಲ್ ಕೈಕೊಟ್ಟಿದೆ.

ಲೆಕ್ಕ ಸುಲಭ. ಮೂರು ಫೇಸ್‌ಗಳನ್ನು ಆರ್, ವೈ, ಬಿ ಎನ್ನುತ್ತೇವೆ. ಆರ್ ಫೇಸ್‌ನಲ್ಲಿ 2000 ವಾಟ್‌ನ ಗೀಸರ್, ವೈ ಫೇಸ್‌ನಲ್ಲಿ ಕ್ಯಾರವಾನ್‌ನ 200 ವಾಟ್‌ನಷ್ಟು ಲೋಡು. ನ್ಯೂಟ್ರಲ್ ಗಟ್ಟಿಯಾಗಿದ್ದರೆ ಇಬ್ಬರಿಗೂ 230. ನ್ಯೂಟ್ರಲ್ ಪೂರ್ತಿ ಕಡಿದರೆ ಇವೆರಡೂ ಎರಡು ಫೇಸ್‌ಗಳ ನಡುವೆ ಸೀರೀಸ್‌ನಲ್ಲಿ ಕೂರುತ್ತವೆ, 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ದೊಡ್ಡ ಲೋಡಿನ ರೆಸಿಸ್ಟೆನ್ಸ್ ಕಡಿಮೆ, ಅದರ ಪಾಲಿಗೆ ಬರುವುದು ಸುಮಾರು 36 ವೋಲ್ಟ್. ಸಣ್ಣ ಲೋಡಿಗೆ 364. ಗೀಸರ್ ಹಾಕಿದವರು ಬೈಯುತ್ತಾ ಬದುಕಿಕೊಂಡರು, ಮಲಗಿದ್ದ ಗಾಡಿ ಸುಟ್ಟಿತು.

ಅಳೆಯುವುದು ಲೋಡ್ ಹಾಕಿಯೇ

ಇಲ್ಲಿ ಹೊಸಬರಷ್ಟೇ ಅಲ್ಲ, ಹಳೆಯ ವೈರ್‌ಮ್ಯಾನ್‌ಗಳೂ ಎಡವುತ್ತಾರೆ. ಆ ಬೆಳಿಗ್ಗೆ ಮೇನ್ ಬೋರ್ಡಿನಲ್ಲಿ ಮೀಟರ್ ಹಿಡಿದರೆ ಆರ್ 229, ವೈ 234, ಬಿ 231. ಯಾವ ದೋಷವೂ ಇಲ್ಲ! ‘ಎಲ್ಲಾ ಸರಿ ಇದೆ, ಸಿಡಿಲೇ ಇರಬೇಕು’ ಎಂದು ಹೇಳಿ ಚಹಾ ಕುಡಿದು ಬರಬಹುದಿತ್ತು. ಸಡಿಲ ನ್ಯೂಟ್ರಲ್ ಬಿಗಿ ನ್ಯೂಟ್ರಲ್‌ನಂತೆಯೇ ತೋರುವುದು ಕರೆಂಟು ಹರಿಯದಿದ್ದಾಗ. ಹರಿದಾಗಲೇ ಅದರ ಬಣ್ಣ ಬಯಲು.

ಕ್ಯಾರವಾನ್ ಪ್ಲಗ್ ಕಿತ್ತೆ. ಫ್ರಿಜ್, ಟಿವಿ, ಬಲ್ಬು ಇರುವ ಎಂಸಿಬಿಗಳನ್ನೆಲ್ಲ ಇಳಿಸಿದೆ. ಮೇಲಿನ ಕೋಣೆಯ ಗೀಸರ್ ಒಂದನ್ನೇ ಹಾಕಲು ಹೇಳಿ ಮತ್ತೆ ಮೀಟರ್ ಹಿಡಿದೆ: ಆರ್ 93, ವೈ 326, ಬಿ 321. ಜೊತೆಗೆ ಮೇನ್ ಸ್ವಿಚ್ಚಿನ ಡಬ್ಬಿಯೊಳಗಿಂದ ಒಗ್ಗರಣೆಗೆ ನೀರು ಬಿದ್ದಂತೆ ಚಿರ್ ಎನ್ನುವ ಸದ್ದು. ತಕ್ಷಣ ಗೀಸರ್ ಆಫ್ ಮಾಡಿಸಿದೆ. ಈ ಪರೀಕ್ಷೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ಬೇಡ. ವೈರಿಂಗ್ ಗೊತ್ತಿಲ್ಲದವರಂತೂ ಮಾಡಲೇಬೇಡಿ.

ಮೇನ್ ಇಳಿಸಿ ಡಬ್ಬಿ ತೆಗೆದರೆ ನ್ಯೂಟ್ರಲ್ ಲಿಂಕಿನ ಸುತ್ತ ಇರುವೆ ಗೂಡು. ಅದನ್ನು ಕೆದಕಿದ ಮೇಲೆ ಕಂಡದ್ದು ಅಲ್ಯೂಮಿನಿಯಂ ಸರ್ವೀಸ್ ವೈರನ್ನು ತಾಮ್ರದ ವೈರಿಗೆ ಬರಿದೇ ಸುತ್ತಿ, ಟೇಪು ಹಾಕಿ, ಹಿತ್ತಾಳೆ ಲಿಂಕಿಗೆ ತುರುಕಿದ್ದು. ಅಲ್ಯೂಮಿನಿಯಂ ಮೇಲೆ ಬಿಳೀ ಪುಡಿ. ಈ ಎರಡು ಲೋಹಗಳು ತೇವದಲ್ಲಿ ಒಂದಕ್ಕೊಂದು ತಾಗಿ ಕೂತರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಇನ್ನು ನಮ್ಮ ಜಡಿಮಳೆಯ ತೇವದ ಬಗ್ಗೆ ಹೇಳಬೇಕೆ? ಮಳೆಗಾಲದ ಕಕ್ಕಡ ತಿಂಗಳಲ್ಲಿ ಬಟ್ಟೆಯೇ ಒಣಗದ ಊರು. ರಾತ್ರಿಯ ಗಾಳಿಗೆ ಸರ್ವೀಸ್ ವೈರ್ ತೂಗಿದೆ, ಕೊನೆಯ ಎಳೆಯೂ ಬಿಟ್ಟುಕೊಂಡಿದೆ. ಸಿಡಿಲಿಗೆ ಇಲ್ಲಿ ಪಾಲು ಇದ್ದರೆ ಅಷ್ಟೇ: ಅದರ ಜೊತೆಗೆ ಬಂದ ಗಾಳಿ.

ಸುಟ್ಟ ಭಾಗ ಕತ್ತರಿಸಿ, ಅಲ್ಯೂಮಿನಿಯಂ, ತಾಮ್ರ ಎರಡಕ್ಕೂ ಹೊಂದುವ ಬೈಮೆಟಲ್ ಲಗ್ ಕ್ರಿಂಪ್ ಮಾಡಿ, ಲಿಂಕ್ ಬದಲಿಸಿದೆ. ಮತ್ತೆ ಗೀಸರ್ ಹಾಕಿ ಅಳೆದರೆ ಮೂರೂ ಫೇಸ್‌ಗಳ ನಡುವೆ ಐದಾರು ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸವಿಲ್ಲ. ದೋಷ ಮೀಟರಿನಿಂದ ಆಚೆ, ಕಂಬದಲ್ಲಿ ಅಥವಾ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ಇದ್ದಿದ್ದರೆ ನಾವು ಕೈಹಾಕುವಂತಿಲ್ಲ, ಸೀಲ್ ಮುಟ್ಟುವಂತಿಲ್ಲ. 1912ಕ್ಕೆ ಫೋನ್ ಮಾಡಿ ಲೈನ್‌ಮ್ಯಾನ್ ಬರುವವರೆಗೆ ಮೇನ್ ಇಳಿಸಿಡುವುದೇ ದಾರಿ. ಅಕ್ಕಪಕ್ಕದ ಮನೆಯಲ್ಲೂ ದೀಪ ಒಮ್ಮೆ ಮಂಕು ಒಮ್ಮೆ ಪ್ರಖರ ಆಗುತ್ತಿದೆಯೇ ಎಂದು ಕೇಳಿ, ಅದರಿಂದಲೇ ದೋಷ ಯಾವ ಕಡೆ ಇದೆ ಎಂದು ತಿಳಿಯುತ್ತದೆ.

ಗಾಡಿಯ ಸ್ವಂತ ಕೇಬಲ್ ಸಿಂಗಲ್ ಫೇಸ್. ಅದರೊಳಗೆ ನ್ಯೂಟ್ರಲ್ ಕಡಿದರೆ ಹೈ ವೋಲ್ಟೇಜ್ ಬರುವುದಿಲ್ಲ, ಎಲ್ಲ ಆರುತ್ತದೆ ಅಷ್ಟೇ. ಒಳಗೆ ಯಾವುದಾದರೂ ಸ್ವಿಚ್ ಹಾಕಿದ್ದರೆ ಸಾಕೆಟ್ಟಿನ ಎರಡೂ ತೂತಿನಲ್ಲಿ ಟೆಸ್ಟರ್ ಉರಿಯುತ್ತದೆ, ಆದರೂ ಯಾವುದೂ ಓಡುವುದಿಲ್ಲ.

ಹಾಗಾದರೆ ಕೊಳ್ಳುವುದು ಏನನ್ನು?

ಸ್ಪೈಕ್ ಗಾರ್ಡನ್ನು ಬಿಚ್ಚಿ ಯಜಮಾನರ ಅಂಗೈ ಮೇಲಿಟ್ಟೆ. ಒಳಗೆ ಅದೇ ನೀಲಿ ಬಿಲ್ಲೆ ಸುಟ್ಟು ಇದ್ದಿಲಾಗಿತ್ತು. ಅದರೊಂದಿಗಿದ್ದ ಥರ್ಮಲ್ ಫ್ಯೂಸ್ ಹಾರಿ ಬಿಲ್ಲೆಯನ್ನು ಲೈನಿನಿಂದ ಬಿಡಿಸಿತ್ತು. ದೀಪಕ್ಕೂ ಬಿಲ್ಲೆಗೂ ಸಂಬಂಧವೇ ಇಲ್ಲ. ಕರೆಂಟು ಇರುವವರೆಗೆ ದೀಪ ಉರಿಯುತ್ತದೆ, ಕಾವಲುಗಾರ ಸತ್ತು ಎಷ್ಟು ತಿಂಗಳಾಗಿದ್ದರೂ.

ವೇರಿಸ್ಟರ್ ಮಾಡುವ ಕೆಲಸ ಒಂದೇ. ವೋಲ್ಟೇಜ್ ಒಂದು ಮಟ್ಟ ದಾಟಿದರೆ ಅದು ದಾರಿ ತೆರೆದು ಕರೆಂಟನ್ನು ತನ್ನ ಮೂಲಕ ಬೇರೆ ಕಡೆಗೆ ಹರಿಸುತ್ತದೆ. ಮೈಕ್ರೋಸೆಕೆಂಡಿನ ಸರ್ಜ್‌ಗೆ ಇದು ಸರಿ. ಗಂಟೆಗಟ್ಟಲೆ 360 ವೋಲ್ಟ್ ಬಂದರೆ ಗಂಟೆಗಟ್ಟಲೆ ಹರಿಸಲು ಹೋಗಿ ತಾನೇ ಬೇಯುತ್ತದೆ. ತೂಬು ತೆಗೆದು ಕೆರೆಯ ನೀರು ಬಿಡಬಹುದು, ಹೊಳೆಯನ್ನೇ ಅದರಲ್ಲಿ ಹರಿಸಲು ಆಗುತ್ತದೆಯೇ? ಆದ್ದರಿಂದ ‘ಸರ್ಜ್ ಪ್ರೊಟೆಕ್ಟರ್’ ಒಂದನ್ನೇ ಕೊಂಡು ಹೈ ವೋಲ್ಟೇಜ್‌ನಿಂದ ಪಾರಾದೆ ಎಂದುಕೊಳ್ಳಬೇಡಿ. ಗಾಡಿಗೆ ಬೇಕಾದದ್ದು ಮೂರು ಬೇರೆ ಸಾಮಾನು. ಸರ್ಜ್‌ಗೆ ಎಸ್‌ಪಿಡಿ (ಸರ್ಜ್ ತಡೆಯುವ ಸಾಮಾನು), ಹೈ-ಲೋ ವೋಲ್ಟೇಜ್‌ಗೆ ಕಟ್ ಮಾಡುವ ರಿಲೇ, ಮನುಷ್ಯರ ಜೀವಕ್ಕೆ ಆರ್‌ಸಿಸಿಬಿ, ಅಂದರೆ ಕರೆಂಟು ಅರ್ಥ್‌ಗೆ ಸೋರಿದರೆ ಕಟ್ ಮಾಡುವ ಸ್ವಿಚ್ಚು.

ಯಜಮಾನರು ತೋರಿಸಿದ ಅಮೆರಿಕದ ಡಬ್ಬಿಯಲ್ಲಿ ಸರ್ಜ್ ರಕ್ಷಣೆಯೂ ವೋಲ್ಟೇಜ್ ಕಟ್‌ಆಫೂ ಒಟ್ಟಿಗೇ ಇರುತ್ತವೆ, ವಿಚಾರ ಒಳ್ಳೆಯದೇ. ಆದರೆ ಅದು 120 ವೋಲ್ಟ್, 60 ಹರ್ಟ್ಸ್‌ನ ದೇಶದ್ದು. 132 ವೋಲ್ಟ್ ದಾಟಿದರೆ ಕಟ್ ಆಗುವಂತೆ ಮಾಡಿರುತ್ತಾರೆ. ಅಲ್ಲಿಯ 50 ಆಂಪಿಯರ್ ಪ್ಲಗ್‌ನಲ್ಲಿ ಎರಡು 120 ವೋಲ್ಟ್ ಲೈನುಗಳು ಬರುತ್ತವೆ, ನಮ್ಮ ಸಾಕೆಟ್ಟಿಗೂ ಅದಕ್ಕೂ ತಾಳವೇ ಇಲ್ಲ. ಇಲ್ಲಿಗೆ ತಂದು ಚುಚ್ಚಿದರೆ ಮೊದಲ ದಿನವೇ ಹೊಗೆ.

ಇಲ್ಲಿ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುವ, ಬೋರ್ಡಿನೊಳಗಿನ ಲೋಹದ ಪಟ್ಟಿಗೆ (ಡಿನ್ ರೈಲು) ಕೂರುವ ಸಾಮಾನುಗಳೇ ಸಾಕು. ಎಸ್‌ಪಿಡಿಯಲ್ಲಿ ಟೈಪ್ 2 ತೆಗೆದುಕೊಳ್ಳಿ, ಐಇಸಿ 61643-11 ಎಂದು ಮೈಮೇಲೆ ಬರೆದಿರಬೇಕು. ಜೌಲ್ ಲೆಕ್ಕ ನೋಡಿ ಮರುಳಾಗುವ ಬದಲು ಅದು ನಿರಂತರವಾಗಿ ಎಷ್ಟು ವೋಲ್ಟ್ ತಾಳುತ್ತದೆ ಎಂದು ಓದಿ. ಅಂಗಡಿಯವರು ಮೊದಲು ಕೊಡುವುದು 275ರದ್ದು. ನಾನು 320ರದ್ದನ್ನೇ ಕೇಳುತ್ತೇನೆ. ಯಾಕೆಂದರೆ 275ರ ವೇರಿಸ್ಟರ್ ಸುಮಾರು 430 ವೋಲ್ಟ್‌ನಿಂದ ಹರಿಸಲು ಶುರುಮಾಡುತ್ತದೆ, 320ರದ್ದು ಸುಮಾರು 510ರಿಂದ. ನ್ಯೂಟ್ರಲ್ ಹೋಗಿ 364 ಬಂದಾಗ ಅಲೆಯ ತುದಿ 515ರ ಹತ್ತಿರ ಇರುತ್ತದೆ. 275ರದ್ದು ಬೇಯುವ ಕಡೆ 320ರದ್ದು ತುದಿಯಲ್ಲಿ ಒಂಚೂರು ತೊಟ್ಟಿಕ್ಕಿ ಸುಮ್ಮನಿರುತ್ತದೆ. ಸರ್ಜ್ ಬಂದಾಗ ಇದು ಬಿಟ್ಟುಕೊಡುವ ವೋಲ್ಟೇಜ್ ತುಸು ಹೆಚ್ಚು, ನಿಜ. ನಮ್ಮ ಲೈನುಗಳಿಗೆ ಆ ರಾಜಿ ಲಾಭದ್ದೇ. ಆ ಬಿಟ್ಟುಕೊಡುವ ವೋಲ್ಟೇಜ್ 1.5 ಕಿಲೋವೋಲ್ಟ್ ಒಳಗಿದ್ದರೆ ಸಾಕು.

ಇನ್ನೊಂದು, ಅದು 1 ಪ್ಲಸ್ 1 ಜೋಡಣೆಯದ್ದಾಗಿರಲಿ. ಫೇಸ್-ನ್ಯೂಟ್ರಲ್ ನಡುವೆ ವೇರಿಸ್ಟರ್, ನ್ಯೂಟ್ರಲ್-ಅರ್ಥ್ ನಡುವೆ ಗ್ಯಾಸ್ ಟ್ಯೂಬ್. ಗುಂಡಿ ತೋಡಿ ಸ್ವಂತ ಅರ್ಥಿಂಗ್ ಮಾಡಿಕೊಳ್ಳುವ ತೋಟದ ಮನೆಗಳಲ್ಲಿ ಇದೇ ಸರಿ. ಕಿಟಕಿಯಲ್ಲಿ ಹಸಿರು-ಕೆಂಪು ತೋರಿಸುವ, ಕಿತ್ತು ಬದಲಿಸಬಹುದಾದ ಮಾಡ್ಯೂಲ್ ಇದ್ದರೆ ಇನ್ನೂ ಒಳ್ಳೆಯದು.

ಆದರೂ ಈ ಗಾಡಿಯನ್ನು ಆ ರಾತ್ರಿ ಉಳಿಸುತ್ತಿದ್ದದ್ದು ಎಸ್‌ಪಿಡಿ ಅಲ್ಲ, ರಿಲೇ. ವೋಲ್ಟೇಜ್ ತೋರಿಸುವ ಡಿಸ್‌ಪ್ಲೇ ಇರುವ, ತಾನೇ ಕಟ್ ಆಗಿ ತಾನೇ ಕೂಡುವ ರಿಲೇಗಳು ಸಿಗುತ್ತವೆ. ಕೊಳ್ಳುವಾಗ ಅದು 400 ವೋಲ್ಟ್ ಬಂದರೂ ತಾನು ಸುಡದೆ ತಾಳುತ್ತದೆಯೇ ಎಂದು ಕಾಗದದಲ್ಲಿ ನೋಡಿ. ಇದನ್ನು ಯಾರೂ ನೋಡುವುದಿಲ್ಲ. ಬೇರೆಯವರನ್ನು ಕಾಯಬೇಕಾದ್ದು ಮೊದಲು ತಾನೇ ಸುಟ್ಟರೆ ಏನು ಬಂತು? ನಾನು ಮೇಲಿನ ಮಿತಿಯನ್ನು 265ಕ್ಕೆ, ಕೆಳಗಿನದನ್ನು 180ಕ್ಕೆ, ಮತ್ತೆ ಕೂಡುವ ಸಮಯವನ್ನು 180 ಸೆಕೆಂಡಿಗೆ ಇಡುತ್ತೇನೆ. ಎಸಿಯ ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಓಡಲು ಹೋದರೆ ಒಳಗಿನ ಗ್ಯಾಸಿನ ಒತ್ತಡಕ್ಕೆ ತಿಣುಕುತ್ತದೆ, ಅದಕ್ಕೇ ಮೂರು ನಿಮಿಷ.

ಸ್ಟೆಬಿಲೈಸರ್ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಲೋ ವೋಲ್ಟೇಜ್ ಏರಿಸಲು ಅದು ಬೇಕು, ಸರ್ಜ್ ತಡೆಯಲು ಅದಕ್ಕೆ ಬರುವುದಿಲ್ಲ. ಗಾಡಿಯಲ್ಲಿ ಅದರ ಭಾರವೂ ಒಂದು ತಲೆನೋವು.

ಕೂರಿಸುವಾಗ

ಕರೆಂಟು ಗಾಡಿಯೊಳಗೆ ಬರುವ ಜಾಗದ ಹತ್ತಿರವೇ ಡಬ್ಬಿ ಇರಲಿ. ಮೊದಲು ಫೇಸ್, ನ್ಯೂಟ್ರಲ್ ಎರಡನ್ನೂ ಕಟ್ ಮಾಡುವ, ಎರಡು ಪೋಲಿನ 16 ಆಂಪಿಯರ್ ಎಂಸಿಬಿ. ಎರಡು ಪೋಲು ಯಾಕೆಂದರೆ ಎಷ್ಟೋ ಹೋಂಸ್ಟೇಗಳ ಹೊರಗಿನ ಸಾಕೆಟ್‌ಗಳಲ್ಲಿ ಫೇಸ್-ನ್ಯೂಟ್ರಲ್ ಅದಲುಬದಲಾಗಿರುತ್ತದೆ. ಎದುರಿನಿಂದ ನೋಡಿದರೆ ಬಲಗಡೆ ಫೇಸ್ ಇರಬೇಕು. ಅದಲುಬದಲಾದಲ್ಲಿ ಒಂದೇ ಪೋಲಿನ ಎಂಸಿಬಿ ಇಳಿಸಿದರೂ ಒಳಗೆ ಫೇಸ್ ಜೀವಂತ. ಎಂಸಿಬಿಯ ನಂತರ ಎಸ್‌ಪಿಡಿ, ಆಮೇಲೆ ರಿಲೇ, ಆಮೇಲೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಕೊನೆಗೆ ಎಸಿಗೆ ಚಾರ್ಜರ್‌ಗೆ ಒಂದೊಂದು ಎಂಸಿಬಿ. ಎಸ್‌ಪಿಡಿಯನ್ನು ಆರ್‌ಸಿಸಿಬಿಯ ನಂತರ ಇಟ್ಟರೆ ಪ್ರತಿ ಗುಡುಗಿಗೂ ಆರ್‌ಸಿಸಿಬಿ ಬೀಳುತ್ತದೆ.

ಎಸ್‌ಪಿಡಿಗೆ ಹೋಗಿ ಬರುವ ವೈರು ಎಲ್ಲ ಸೇರಿ ಅರ್ಧ ಮೀಟರ್ ಒಳಗಿರಬೇಕು. ಇದು ಅಂದಕ್ಕಲ್ಲ. ಒಂದು ಮೀಟರ್ ವೈರಿಗೆ ಸುಮಾರು ಒಂದು ಮೈಕ್ರೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. ಸರ್ಜ್ ಕರೆಂಟು ಮೈಕ್ರೋಸೆಕೆಂಡಿಗೆ ಸಾವಿರ ಆಂಪಿಯರ್‌ನಂತೆ ಏರಿದರೆ ಆ ಒಂದು ಮೀಟರಿನಲ್ಲೇ ಸಾವಿರ ವೋಲ್ಟ್ ಎದ್ದು ನಿಲ್ಲುತ್ತದೆ. ಎಸ್‌ಪಿಡಿ 1500ಕ್ಕೆ ಹಿಡಿದರೂ ನಿಮ್ಮ ಚಾರ್ಜರ್ ಕಾಣುವುದು 2500. ‘ಮುಂದೆ ಬೇಕಾಗ್ಬಹುದು’ ಎಂದು ವೈರನ್ನು ಸುರುಳಿ ಸುತ್ತಿ ಒಳಗೆ ತಳ್ಳುವ ನಮ್ಮವರ ಅಭ್ಯಾಸ ಇಲ್ಲಿ ವಿಷ. 6 ಚದರ ಮಿಲಿಮೀಟರಿನ ತಾಮ್ರ ಹಾಕಿ, ನೇರ ಎಳೆಯಿರಿ.

ಮನೆಯ ಬೋರ್ಡಿಗೂ ಗಾಡಿಯ ಬೋರ್ಡಿಗೂ ಇರುವ ದೊಡ್ಡ ವ್ಯತ್ಯಾಸ ಅಲುಗಾಟ. ಸಂಪಾಜೆ ಘಾಟಿ ಇಳಿದು ಹತ್ತಿದ ಗಾಡಿಯಲ್ಲಿ ಬಿಗಿ ಮಾಡಿದ ಸ್ಕ್ರೂ ಬಿಗಿಯಾಗಿಯೇ ಇದೆ ಎಂದು ನಂಬಬೇಡಿ. ಗಟ್ಟಿ ತಂತಿ ಬೇಡ, ಅದು ಅಲುಗಿ ಅಲುಗಿ ಮುರಿಯುತ್ತದೆ. ಎಳೆ ವೈರೇ ಹಾಕಿ, ಪ್ರತಿ ತುದಿಗೂ ಫೆರೂಲ್ (ಎಳೆಗಳನ್ನು ಹಿಡಿದಿಡುವ ಸಣ್ಣ ಲೋಹದ ಕೊಳವೆ) ಕ್ರಿಂಪ್ ಮಾಡಿ, ರೈಲಿನ ಎರಡು ತುದಿಗೂ ತಡೆ ಹಾಕಿ. ಮೊದಲ ಪ್ರವಾಸ ಮುಗಿಸಿ ಬಂದ ಮೇಲೆ ಎಲ್ಲ ಸ್ಕ್ರೂಗಳಿಗೂ ಒಮ್ಮೆ ಸ್ಕ್ರೂಡ್ರೈವರ್ ಇಟ್ಟು ನೋಡಿ. ಎರಡು ಮೂರು ತಿರುಗಿಯೇ ತಿರುಗುತ್ತವೆ.

ಅರ್ಥ್ ವೈರನ್ನು ಗಾಡಿಯ ಚಾಸಿಗೆ ಬೋಲ್ಟ್ ಮಾಡುವಾಗ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಗಾಡಿ ನಿಂತಿರುವುದು ರಬ್ಬರ್ ಚಕ್ರದ ಮೇಲೆ. ನೆಲಕ್ಕೂ ಅದಕ್ಕೂ ಇರುವ ಒಂದೇ ನಂಟು ನೀವು ಚುಚ್ಚುವ ಪ್ಲಗ್ಗಿನ ಮೇಲಿನ ದಪ್ಪ ಪಿನ್ನು. ಸರಪಳಿ ಇಳಿಬಿಟ್ಟರೆ ಅರ್ಥಿಂಗ್ ಆಯಿತು ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಕೂರಿಸಿದ ಮೇಲೆ ಬರುವ ತಕರಾರು

‘ಬಾಡಿ ಮುಟ್ಟಿದ್ರೆ ಜುಂ ಅನ್ನುತ್ತೆ.’ ಹೆಚ್ಚು ಕೇಳುವ ದೂರು ಇದು. ಮಳೆಯಲ್ಲಿ ಬರಿಗಾಲಲ್ಲಿ ಮೆಟ್ಟಿಲ ಹಿಡಿ ಹಿಡಿದವರಿಗೆ ತಟ್ಟುತ್ತದೆ. ಮೀಟರ್ ಹಿಡಿದರೆ ಬಾಡಿಗೂ ನೆಲಕ್ಕೂ 110, 115 ವೋಲ್ಟ್. ಚಾರ್ಜರ್, ಟಿವಿ ಅಡಾಪ್ಟರ್‌ಗಳ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಅರ್ಥ್‌ಗೆ ಸೇರಿರುತ್ತದೆ. ಅರ್ಥ್ ಕಡಿದಿದ್ದರೆ ಬಾಡಿ ಇವೆರಡರ ನಡುವೆ ತೂಗಿ ಅರ್ಧ ವೋಲ್ಟೇಜಿಗೆ ನಿಲ್ಲುತ್ತದೆ. ಜುಂ ಎನ್ನುವುದು ಚಾರ್ಜರ್‌ನ ದೋಷವಲ್ಲ, ಅರ್ಥಿಂಗ್ ಇಲ್ಲವೆಂದು ಅದು ಕೊಡುತ್ತಿರುವ ಮುನ್ಸೂಚನೆ. ಅರ್ಥಿಂಗ್ ಇಲ್ಲದಲ್ಲಿ ನಾಳೆ ಗೀಸರಿನ ಕಾಯಿಲ್ ಬಾಡಿಗೆ ತಾಗಿದರೆ ಬರುವುದು ಜುಂ ಅಲ್ಲ, ಪೂರ್ತಿ 230.

ಅರ್ಥ್ ಪರೀಕ್ಷಿಸಲು ಬರೀ ಮೀಟರ್ ಸಾಲದು, ತುಕ್ಕು ಹಿಡಿದ ಒಂದೆಳೆ ಇದ್ದರೂ ಅದು 230 ತೋರಿಸಿ ಮೋಸ ಮಾಡುತ್ತದೆ. ಫಿಲಮೆಂಟ್ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಫೇಸ್-ಅರ್ಥ್ ನಡುವೆ ಹಿಡಿದಾಗ ಫೇಸ್-ನ್ಯೂಟ್ರಲ್ ನಡುವಿನಷ್ಟೇ ಪ್ರಖರವಾಗಿ ಉರಿಯಬೇಕು. ಮನೆಯ ಆರ್‌ಸಿಸಿಬಿ ಬಿದ್ದರೆ ಗಾಬರಿ ಬೇಡ, ಬಲ್ಬಿನ ಕರೆಂಟು ಅರ್ಥ್‌ಗೆ ಇಳಿಯುತ್ತಿದೆ ಎಂದರ್ಥ. ಒಂದು ಎಚ್ಚರ: ಅರ್ಥ್ ಕಡಿದಿದ್ದರೆ ಈ ಬಲ್ಬಿನ ಮೂಲಕ ಫೇಸ್ ಹೋಗಿ ಅದೇ ಅರ್ಥ್‌ಗೆ ಸೇರಿದ ಎಲ್ಲ ಸಾಮಾನಿನ ಮೈಮೇಲೆ ಕೂರುತ್ತದೆ. ಗಾಡಿಯ ಪ್ಲಗ್ ಕಿತ್ತು, ಮನೆಯವರಿಗೆ ಫ್ರಿಜ್, ಗೀಸರ್ ಮುಟ್ಟಬೇಡಿ ಎಂದು ಹೇಳಿ, ಗೊತ್ತಿರುವ ವೈರ್‌ಮ್ಯಾನ್ ಮಾತ್ರ ಮಾಡಬೇಕು.

ಮಾರ್ಚ್ ತಿಂಗಳಲ್ಲಿ ನಮ್ಮ ಕೆಂಪು ಜಂಬಿಟ್ಟಿಗೆ ನೆಲ ಒಣಗಿ ಅರ್ಥ್ ಗುಂಡಿ ಸತ್ತಂತಿರುತ್ತದೆ. ನಾಲ್ಕು ಕೊಡ ನೀರು ಸುರಿದು ಅರ್ಧ ಗಂಟೆ ಬಿಟ್ಟು ನೋಡಿ. ಗುಂಡಿಯ ರೆಸಿಸ್ಟೆನ್ಸ್ 40 ಓಮ್ ಇದ್ದರೆ ಫೇಸ್ ನೇರ ಬಾಡಿಗೆ ತಾಗಿದರೂ ಹರಿಯುವುದು ಆರು ಆಂಪಿಯರ್ ಒಳಗೆ. 16ರ ಎಂಸಿಬಿ ಜನ್ಮದಲ್ಲಿ ಬೀಳುವುದಿಲ್ಲ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿಗೆ ಮಾತ್ರ ಅಷ್ಟು ಬೇಕಾದಷ್ಟಾಯಿತು. ಅದನ್ನು ಬಿಟ್ಟು ದುಡ್ಡು ಉಳಿಸುತ್ತೇನೆ ಎನ್ನುವವರ ಗಾಡಿಯ ಕೆಲಸ ನಾನು ಒಪ್ಪುವುದಿಲ್ಲ.

‘ರಿಲೇ ಸಂಜೆಯೆಲ್ಲ ಕಟ್ ಆಗಿ ಕೂಡಿ ಕಟ್ ಆಗಿ ಕೂಡಿ ಮಾಡುತ್ತೆ.’ ಇದು ಫೆಬ್ರುವರಿ, ಮಾರ್ಚ್‌ನ ದೂರು. ರೊಬಸ್ಟಾ ತೋಟಗಳಲ್ಲಿ ಹೂವಿಗೆಂದು ಸ್ಪ್ರಿಂಕ್ಲರ್ ಹೊಡೆಯುವ ಕಾಲ. ಒಂದೇ ಟಿಸಿಯ ಮೇಲೆ ನಾಲ್ಕೈದು ದೊಡ್ಡ ಮೋಟರು ಓಡಿದರೆ ವೋಲ್ಟೇಜ್ ಕುಸಿಯುತ್ತದೆ, ಎಲ್ಲ ಒಟ್ಟಿಗೆ ನಿಂತಾಗ ಎಗರುತ್ತದೆ. ಆದರೆ ಪಂಪಿನವರನ್ನು ಬೈಯುವ ಮೊದಲು ನಿಮ್ಮ ಕೇಬಲ್ ನೋಡಿ. 1500 ವಾಟ್‌ನ ಕೆಟಲ್ ಇಟ್ಟು ಎರಡು ಕಡೆ ಅಳೆಯಿರಿ. ಒಂದು ಗಾಡಿಯಲ್ಲಿ ನನಗೆ ಸಿಕ್ಕ ಲೆಕ್ಕ ಹೀಗಿತ್ತು: ಕೆಟಲ್ ಹಾಕಿದಾಗ ಮನೆಯ ಬೋರ್ಡಿನಲ್ಲಿ 214 ಇದ್ದದ್ದು 211ಕ್ಕೆ ಇಳಿಯಿತು, ಗಾಡಿಯ ಇನ್‌ಲೆಟ್‌ನಲ್ಲಿ 213 ಇದ್ದದ್ದು 199ಕ್ಕೆ. ನಡುವೆ 12 ವೋಲ್ಟ್ ಎಲ್ಲಿ ಹೋಯಿತು? 2.5 ಚದರ ಮಿಲಿಮೀಟರಿನ ಒಳ್ಳೆಯ ಕೇಬಲ್ 30 ಮೀಟರ್ ಇದ್ದರೆ ಆ ಕರೆಂಟಿಗೆ ಎರಡೂವರೆ ವೋಲ್ಟ್ ಬೀಳಬೇಕು, ಹೆಚ್ಚಲ್ಲ. ಉಳಿದದ್ದು ಯಾವುದೋ ಜಾಯಿಂಟಿನಲ್ಲಿ ಐವತ್ತು ವಾಟ್‌ನಷ್ಟು ಶಾಖವಾಗುತ್ತಿದೆ. ಸೋಲ್ಡರಿಂಗ್ ಐರನ್‌ನಷ್ಟು! ಪ್ಲಗ್ ಕಿತ್ತು ಪಿನ್ ಮುಟ್ಟಿದೆ, ಬೆರಳು ಚುರ್ ಎಂದಿತು. ಸಾಕೆಟ್ಟಿನ ಒಳಗಿನ ಹಿತ್ತಾಳೆ ಹಿಡಿ ಸಡಿಲವಾಗಿ ಕಪ್ಪಾಗಿತ್ತು. ಇಂಥಲ್ಲಿ ರಿಲೇಯ ಕೆಳಮಿತಿಯನ್ನು 160ಕ್ಕೆ ಇಳಿಸಿ ‘ಸರಿಯಾಯ್ತು’ ಎಂದರೆ ಬೆಂಕಿಯನ್ನು ಕರೆದ ಹಾಗೆ. ಸಾಕೆಟ್ ಬದಲಿಸಿ. ಆಗಾಗ ಬಂದು ನಿಲ್ಲುವ ಜಾಗವಾದರೆ ಮೂರು ಪಿನ್ನಿನ ಸಾಕೆಟ್ ಬಿಟ್ಟು 16 ಆಂಪಿಯರ್‌ನ ನೀಲಿ ಇಂಡಸ್ಟ್ರಿಯಲ್ ಸಾಕೆಟ್ಟನ್ನೇ ಹಾಕಿಸಿ, ಅದು ಮಳೆಗೂ ತಾಳುತ್ತದೆ.

ಕರೆಂಟು ಹೋಗಿ ಹೋಂಸ್ಟೇಯ ಜನರೇಟರ್ ಶುರುವಾದಾಗ ರಿಲೇ ಕೂಡದಿದ್ದರೆ ಡಿಸ್‌ಪ್ಲೇ ನೋಡಿ. ಹಳೆಯ ಜನರೇಟರ್ ಲೋಡ್ ಇಲ್ಲದಾಗ 270ರ ಮೇಲೆ ಕೊಡುವುದು ಅಪರೂಪವಲ್ಲ. ರಿಲೇ ತನ್ನ ಕೆಲಸ ಮಾಡುತ್ತಿದೆ, ಜನರೇಟರ್ ರಿಪೇರಿಯಾಗಲಿ. ಇನ್ನು ಎಸ್‌ಪಿಡಿಯ ಕಿಟಕಿ ಕೆಂಪಾಗಿದ್ದರೆ ಮಾಡ್ಯೂಲ್ ಬದಲಿಸಿ, ಆದರೆ ಯಾಕೆ ಸತ್ತಿತೆಂದು ಲೋಡ್ ಹಾಕಿ ನ್ಯೂಟ್ರಲ್ ಅಳೆದ ಮೇಲೆ. ವರ್ಷಕ್ಕೆ ಎರಡು ಸಲ ಕೆಂಪಾಗುತ್ತಿದ್ದರೆ ಅದು ಸಿಡಿಲಿನ ಲಕ್ಷಣವಲ್ಲ.

ನಿಜವಾಗಿಯೂ ಸಿಡಿಲು ಬಂದಾಗ ಇವೆಲ್ಲಕ್ಕಿಂತ ದೊಡ್ಡ ರಕ್ಷಣೆ ಪ್ಲಗ್ ಕೀಳುವುದು. ಸಿಲ್ವರ್ ಓಕ್ ಮರಕ್ಕೋ ಕಂಬಕ್ಕೋ ನೇರ ಬಡಿದರೆ ಯಾವ ಎಸ್‌ಪಿಡಿಯೂ ನಿಲ್ಲದು. ಗುಡುಗಿನ ಮೊದಲ ಸದ್ದು ದೂರದಲ್ಲಿ ಇರುವಾಗಲೇ ಮೇನ್ ಇಳಿಸಿ, ಕೇಬಲ್ ಕಿತ್ತು ಸುತ್ತಿಡಿ, ಡಿಶ್ ತಂತಿಯನ್ನೂ ಬಿಡಿಸಿ. ತಲೆ ಮೇಲೆ ಮಿಂಚುತ್ತಿರುವಾಗ ಒದ್ದೆ ಕಣದಲ್ಲಿ ಓಡಿ ಹೋಗಿ ಕೀಳುವ ಸಾಹಸ ಮಾತ್ರ ಬೇಡ.

ಆ ಗಾಡಿಗೆ ಬೋರ್ಡು ಕೂರಿಸಿಕೊಟ್ಟ ಮುಂದಿನ ತಿಂಗಳು ಯಜಮಾನರು ನಾಪೋಕ್ಲು ಕಡೆಯಿಂದ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರು.

‘ರಿಲೇ ಕಟ್ ಆಗಿದೆ. ಕೂಡ್ತಾನೇ ಇಲ್ಲ. ಬೈಪಾಸ್ ಮಾಡ್ಲಾ?’

‘ಎಷ್ಟು ತೋರಿಸ್ತಿದೆ ಸಾರ್?’

‘301. ಈಗ 288. ಮತ್ತೆ 310.’

‘ಪ್ಲಗ್ ಕಿತ್ತು, ಮನೆಯವರಿಗೆ ಮೇನ್ ಇಳಿಸೋಕೆ ಹೇಳಿ. ಇವತ್ತು ಬ್ಯಾಟರಿ ದೀಪದಲ್ಲೇ ಊಟ ಮಾಡಿ.’